ಮೇಲಕ್ಕೆ ಹೋಗುವ ನೀರಿನ ಲೆಕ್ಕ

ನಿಮ್ಮೂರಿನಲ್ಲಿ ನಿನ್ನೆ ಎಷ್ಟು ಮಳೆಯಾಯಿತೆಂದು ಹೇಳಲು ಪಂಚಾಯಿತಿ ಮಟ್ಟದ ಮಳೆಮಾಪಕಗಳಿವೆ. ಬಿದ್ದ ಮಳೆಯಲ್ಲಿ ನಿಮ್ಮ ಹೊಲದಿಂದ ಮತ್ತೆ ಆಕಾಶಕ್ಕೆ ಹೋದದ್ದೆಷ್ಟು ಎಂದು ಕೇಳಿದರೆ ಹೇಳುವವರು ಯಾರು? ಜಗತ್ತಿನ ನೆಲದ ಮೇಲೆ ಸುರಿಯುವ ಮಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಮಣ್ಣಿನಿಂದಲೂ ಗಿಡಗಳ ಎಲೆಗಳಿಂದಲೂ ಆವಿಯಾಗಿ ಹಿಂದಿರುಗುತ್ತದೆ. ಎಕರೆಯೊಂದರಿಂದ ಒಂದು ಮಿಲಿಮೀಟರು ಆವಿಯಾಯಿತೆಂದರೆ ನಾಲ್ಕು ಸಾವಿರ ಲೀಟರು ಹೋಯಿತೆಂದು ತಿಳಿಯಿರಿ. ತುಂಬಿ ನಿಂತ ಬೆಳೆಯಿಂದ ಒಣ ಬಿಸಿಲಿನ ದಿನ ಐದು ಮಿಲಿಮೀಟರು ಹೋಗುವುದು ವಿಶೇಷವೇನಲ್ಲ.

ಬಿಸಿಲು, ಗಾಳಿ, ಕಡಲು, ನೆಲ ಇವುಗಳ ನಡೆಯನ್ನು ಗಣಿತಕ್ಕೆ ಇಳಿಸಿ ಕಂಪ್ಯೂಟರಿಗೆ ಒಪ್ಪಿಸಿದ ಲೆಕ್ಕಕ್ಕೆ ಹವಾಮಾನ ಮಾದರಿ ಎನ್ನುತ್ತಾರೆ. ಮೇಲಕ್ಕೆ ಹೋಗುವ ನೀರು ಇದರೊಳಗೆ ಬಂದ ಬಗೆ ಸ್ವಾರಸ್ಯವಾಗಿದೆ. 1969ರಲ್ಲಿ ಅಮೆರಿಕದಲ್ಲಿದ್ದ ಜಪಾನ್ ಮೂಲದ ವಿಜ್ಞಾನಿ ಸ್ಯುಕುರೊ ಮನಾಬೆ ಇಡೀ ಜಗತ್ತಿನ ನೆಲವನ್ನು ಬಕೆಟ್ಟಿನಂತೆ ಎಣಿಸಿದರು. ಅದು ಹಿಡಿಯುವ ನೀರು ಎಲ್ಲೆಡೆಯೂ 15 ಸೆಂಟಿಮೀಟರು. ತುಂಬಿದ ಮೇಲೆ ಬಿದ್ದದ್ದು ಹೊಳೆಗೆ. ಮುಕ್ಕಾಲು ಮಟ್ಟಕ್ಕಿಂತ ಮೇಲಿದ್ದರೆ ಆವಿ ಪೂರ್ತಿ ವೇಗದಲ್ಲಿ ಏಳುತ್ತದೆ, ಕೆಳಗಿಳಿದಂತೆ ಕುಗ್ಗುತ್ತದೆ. ಇಷ್ಟೇ! ಹವಾಮಾನ ಮಾದರಿಗಳ ಕೆಲಸಕ್ಕಾಗಿ ಮನಾಬೆಯವರಿಗೆ 2021ರಲ್ಲಿ ನೊಬೆಲ್ ಪಾರಿತೋಷಕ ಬಂದಿತು.

ಬಕೆಟ್ಟಿನಲ್ಲಿ ಬೇರಿಲ್ಲ, ಎಲೆಯಿಲ್ಲ. ನೀರು ಸಾಲದಾದಾಗ ಗಿಡ ತನ್ನ ಎಲೆಯ ಸಣ್ಣ ರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ಮಧ್ಯಾಹ್ನ ಜೋಳದ ಗರಿ ಸುರುಳಿಯಾಗುವುದನ್ನು ಕಂಡ ನಿಮಗೆ ಗಿಡದ ಈ ಜಾಣತನ ಹೊಸದಲ್ಲ. 1986ರಲ್ಲಿ ಪಿಯರ್ಸ್ ಸೆಲ್ಲರ್ಸ್ (ಮುಂದೆ ಗಗನಯಾತ್ರಿಯೂ ಆದವರು) ಮತ್ತು ಸಂಗಡಿಗರು ಎಲೆ, ಬೇರು, ರಂಧ್ರಗಳನ್ನು ಲೆಕ್ಕಕ್ಕೆ ತಂದರು. ನೀರು ಆವಿಯಾಗದಿದ್ದರೆ ಅದಕ್ಕೆ ವೆಚ್ಚವಾಗಬೇಕಿದ್ದ ಬಿಸಿಲು ಗಾಳಿಯನ್ನೇ ಕಾಯಿಸುತ್ತದೆ. ಆದ್ದರಿಂದ ಈ ಲೆಕ್ಕ ತಪ್ಪಿದರೆ ಸೆಕೆಯ ಲೆಕ್ಕವೂ ತಪ್ಪುತ್ತದೆ.

ಆದರೂ ಜಾಗತಿಕ ಮಾದರಿಯ ಒಂದು ಚೌಕ ನೂರು ಕಿಲೋಮೀಟರಿನಷ್ಟು ಅಗಲವಿರಬಹುದು. ವಿಜಯಪುರದ ಹಿಂಗಾರಿ ಜೋಳವೂ ಬಾಗಲಕೋಟೆಯ ನೀರಾವರಿ ಕಬ್ಬೂ ಒಂದೇ ಚೌಕಕ್ಕೆ ಬಿದ್ದಾವು. ಚೌಕವನ್ನು ಕಾಡು, ಹುಲ್ಲು, ಬೆಳೆ ಎಂದು ಪಾಲು ಮಾಡುವ ಮಾದರಿಗಳು ಬಂದಿವೆ. ನೀರಾವರಿಯನ್ನೇ ಎಣಿಸದವೂ ಇವೆ. ಆಳದ ಎರೆಭೂಮಿ 20 ಸೆಂಟಿಮೀಟರಿಗೂ ಮಿಕ್ಕಿದ ನೀರನ್ನು ಬೆಳೆಗಾಗಿ ಹಿಡಿದಿಡಬಲ್ಲದು, ತೆಳು ಮಸಾರಿ ಅದರ ಅರ್ಧವನ್ನೂ ಹಿಡಿಯದು. ಎಡೆಕುಂಟೆ ಹೊಡೆದು ಬಿರುಕು ಮುಚ್ಚಿದ ಹೊಲ ಯಾವುದು, ಬಾಯಿಬಿಟ್ಟ ಹೊಲ ಯಾವುದು ಎಂಬುದಂತೂ ಕಂಪ್ಯೂಟರಿಗೆ ತಿಳಿಯುವುದಿಲ್ಲ.

ಮಾದರಿಗಳನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಇಂಥದೇ ಲೆಕ್ಕ ಈಗ ನಿಮ್ಮ ತಾಲ್ಲೂಕಿಗೂ ಬಂದಿದೆ ಎಂಬುದು ಮುಖ್ಯ. ಕೇಂದ್ರ ಸರ್ಕಾರದ 2016ರ ಬರ ನಿರ್ವಹಣಾ ಕೈಪಿಡಿಯು ಮಳೆಯ ಕೊರತೆಯ ಜೊತೆಗೆ ಮಣ್ಣಿನ ತೇವವನ್ನೂ ಬರದ ಒಂದು ಸೂಚಕವಾಗಿ ಎಣಿಸುತ್ತದೆ. ಸಾಕಷ್ಟು ನೀರಿದ್ದರೆ ಎಷ್ಟು ಆವಿಯಾಗುತ್ತಿತ್ತು, ನಿಜವಾಗಿ ಎಷ್ಟಾಯಿತು ಎಂಬ ಪ್ರಮಾಣ ಅದನ್ನು ಅಳೆಯುವ ಒಂದು ದಾರಿ. ಎರೆಗೆ ಹೊಂದುವ ಅಂಕಿಯನ್ನು ಮಸಾರಿಗೆ ಹಾಕಿದರೆ, ಬಾಡಿದ ರಾಗಿಗೂ ಕಾಗದದ ಮೇಲೆ ತೇವ ಇರುತ್ತದೆ.

ಆದುದರಿಂದ ಮಳೆ ಅಳೆಯುವಷ್ಟೇ ವ್ಯಾಪಕವಾಗಿ ಮಣ್ಣಿನ ತೇವ ಅಳೆಯುವ ವ್ಯವಸ್ಥೆಯನ್ನು ಸರ್ಕಾರ ಮಾಡಬೇಕು. ಹೋಬಳಿಯಲ್ಲಿ ಎರಡು ಬಗೆಯ ಮಣ್ಣಿದ್ದರೆ ಎರಡು ಕಡೆ, ಮೇಲ್ಪದರದಲ್ಲೊಂದು, ಬೇರಿನ ಆಳದಲ್ಲೊಂದು ಮಾಪಕ ಬೇಕು. ಬರದ ಪರಿಶೀಲನೆಗೆ ಅಧಿಕಾರಿಗಳು ಬಂದಾಗ ನೀವು ಬಾಡಿದ ಪೈರನ್ನಷ್ಟೇ ತೋರಿಸಬೇಡಿ. ಹಾರೆ ತಂದು ಒಂದೂವರೆ ಅಡಿ ಅಗೆದು, ಆ ಮಣ್ಣನ್ನು ಅವರ ಕೈಗೇ ಕೊಡಿ. ಉಂಡೆಯಾಗುತ್ತದೋ ಪುಡಿಯಾಗುತ್ತದೋ ಅವರೇ ನೋಡಿ ಬರೆದುಕೊಳ್ಳಲಿ.