ಬೋರ್ಡ್ ಬೈಯೋ ಮೊದಲು ಅಡಾಪ್ಟರ್ ನೋಡಿ

ಡ್ರಿಪ್‌ಗೆ ಕಂಟ್ರೋಲರ್, ತೇವಾಂಶದ ಸೆನ್ಸರ್, ಮೊಬೈಲಿಂದಲೇ ತೆಗೆಯೋ ವಾಲ್ವ್ ಅಂತ ಸಾವಿರಾರು ರೂಪಾಯಿ ಹಾಕ್ತೀವಿ. ಅದಕ್ಕೆಲ್ಲ ಕರೆಂಟ್ ಕೊಡೋ ಅಡಾಪ್ಟರ್ ಮಾತ್ರ ಮನೇಲಿ ಬಿದ್ದಿದ್ದ ಯಾವುದೋ ಹಳೇದು. ನಾನೂ ಹಾಗೇ ಮಾಡಿದ್ದೆ.

ಪಂಪ್‌ಹೌಸ್‌ನಲ್ಲಿ ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಇಟ್ಟು ಸಸಿಮಡಿಗೆ ನೀರು ಬಿಡಿಸ್ತಿದ್ದೆ. ವಾರಕ್ಕೆರಡು ಸಲ ಅದು ತಾನಾಗೇ ಆಫ್ ಆಗಿ ಆನ್ ಆಗೋದು. ಪ್ರೋಗ್ರಾಂ ತಿದ್ದಿದೆ, ಮೆಮೊರಿ ಕಾರ್ಡ್ ಎರಡು ಸಲ ಬದಲಿಸಿದೆ. ಏಪ್ರಿಲ್‌ನಲ್ಲಿ ಮದುವೆಗೆ ಹೋಗಿ ಎರಡು ದಿನ ಬಿಟ್ಟು ಬಂದ್ರೆ ಬೋರ್ಡ್ ನಿಂತಿದೆ, 15 ಟ್ರೇ ಟೊಮೆಟೊ ಸಸಿ ಬಾಡಿ ಮಲಗಿವೆ.

ಟಿವಿ ರಿಪೇರಿ ಮಾಡೋ ಅಣ್ಣ ಒಬ್ಬರು ಅಡಾಪ್ಟರ್ ಬಿಚ್ಚಿ ತೋರಿಸಿದ್ರು. ಒಳಗಿನ ಕೆಪಾಸಿಟರ್‌ನ ತಲೆ ಉಬ್ಬಿತ್ತು.

ನಮ್ಮ 230 ವೋಲ್ಟ್, 50 ಹರ್ಟ್ಜ್ ಕರೆಂಟನ್ನು ಡಿಸಿ ಮಾಡಿದಾಗ ಅದು ಸೆಕೆಂಡಿಗೆ 100 ಸಲ ಏರಿಳಿಯುತ್ತೆ. ಅಡಾಪ್ಟರ್‌ನ ಸ್ವಿಚಿಂಗ್ ಸರ್ಕ್ಯೂಟ್ ಅದಕ್ಕಿಂತ ಎಷ್ಟೋ ವೇಗದ ಏರಿಳಿತ ಸೇರಿಸುತ್ತೆ. ಇದೇ ರಿಪಲ್. ಕೆಪಾಸಿಟರ್ ಇಲ್ಲಿ ನೀರಿನ ತೊಟ್ಟಿ ಇದ್ದ ಹಾಗೆ. ಬೋರ್‌ವೆಲ್ ಬಿಟ್ಟು ಬಿಟ್ಟು ಎತ್ತಿದ್ರೂ ತೊಟ್ಟಿಯಿಂದ ಪೈಪಿಗೆ ಸಮನಾಗಿ ಹರಿಯುತ್ತೆ. ಅದೇ ತೊಟ್ಟೀಲಿ ಹೂಳು ತುಂಬಿದ್ರೆ? ತಗಡಿನ ಸೂರಿನ ಪಂಪ್‌ಹೌಸ್ ಬಿಸಿಗೆ ಕೆಪಾಸಿಟರ್ ಒಳಗಿನ ದ್ರವ ಒಣಗುತ್ತಾ ಬರುತ್ತೆ. ಉಷ್ಣತೆ 10 ಡಿಗ್ರಿ ಹೆಚ್ಚಾದ್ರೆ ಅದರ ಆಯಸ್ಸು ಸುಮಾರು ಅರ್ಧ ಅನ್ನೋದು ಸಾಮಾನ್ಯ ಲೆಕ್ಕ.

ತಮಾಷೆ ಅಂದ್ರೆ ಮಲ್ಟಿಮೀಟರ್ ಇಟ್ರೆ 5 ವೋಲ್ಟ್ ಸರಿಯಾಗೇ ತೋರಿಸುತ್ತೆ. ಅದು ಹೇಳೋದು ಸರಾಸರಿ ಅಷ್ಟೇ, ಕ್ಷಣಕ್ಷಣದ ಕುಸಿತ ಅಲ್ಲಿ ಕಾಣೋದಿಲ್ಲ. ಪೈ ಬೋರ್ಡ್‌ಗೆ ಸುಮಾರು 4.63 ವೋಲ್ಟ್‌ಗಿಂತ ಇಳಿದ್ರೆ ಎಚ್ಚರಿಕೆ ಬರುತ್ತೆ. ಕಾರ್ಡ್‌ಗೆ ಬರೆಯೋ ಹೊತ್ತಲ್ಲಿ ಕರೆಂಟ್ ಕುಸಿದ್ರೆ ಫೈಲೇ ಹಾಳು. ಮನೆ ಡೆಸ್ಕ್‌ಟಾಪ್‌ಗೂ ಇದೇ ಕಥೆ. ಇಂಟೆಲ್‌ನ ವಿನ್ಯಾಸ ಸೂಚಿ ಪ್ರಕಾರ ಅದರ 5 ವೋಲ್ಟ್ ಲೈನಲ್ಲಿ ರಿಪಲ್ 50 ಮಿಲಿವೋಲ್ಟ್ ದಾಟಬಾರದು, 12 ವೋಲ್ಟ್‌ನಲ್ಲಿ 120.

"ಲೈನೇ ಸರಿ ಇಲ್ಲ ಬಿಡ್ರೀ" ಅನ್ನೋರಿದ್ದಾರೆ. ಅರ್ಧ ನಿಜ. ತ್ರೀ ಫೇಸ್ ಬಂದ ತಕ್ಷಣ ಟಿಸಿ ಕೆಳಗಿನ ಆಟೋ ಸ್ಟಾರ್ಟರ್‌ಗಳೆಲ್ಲ ಒಟ್ಟಿಗೆ ಎದ್ದರೆ ವೋಲ್ಟೇಜ್ ಬೀಳದೆ ಏನು ಮಾಡುತ್ತೆ? ಆದ್ರೆ ಲೈನ್ ನಮ್ಮ ಕೈಲಿಲ್ಲ, ಅಡಾಪ್ಟರ್ ಇದೆ. ಒಳ್ಳೆಯದು ಸಣ್ಣ ಕುಸಿತವನ್ನ ನುಂಗಿಕೊಳ್ಳುತ್ತೆ. ಸ್ಟೆಬಿಲೈಸರ್ ತಂದ್ರೆ ಸಾಕು ಅನ್ಕೋಬೇಡಿ, ಅಡಾಪ್ಟರ್ ಒಳಗೇ ಹುಟ್ಟೋ ರಿಪಲ್‌ಗೆ ಅದು ಏನೂ ಮಾಡಲ್ಲ.

ಹಾಗಾಗಿ ನನ್ನ ಪ್ರಕಾರ ಕಿಟ್ ಕೊಳ್ಳೋವಾಗ ಮೊದಲ ದುಡ್ಡು ಅಡಾಪ್ಟರ್‌ಗೆ ಹೋಗಬೇಕು, ಒಂದು ಸೆನ್ಸರ್ ಕಮ್ಮಿ ಆದ್ರೂ ಪರವಾಗಿಲ್ಲ. ಅದರ ಮೇಲಿರೋ ಬಿಐಎಸ್‌ನ ಆರ್ ನಂಬರನ್ನ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿ. ಬೋರ್ಡ್‌ಗೆ 2 ಆಂಪಿಯರ್ ಬೇಕಿದ್ರೆ 3ರದ್ದು ತಗೊಳ್ಳಿ. ವಾಲ್ವ್‌ಗೆ ಬೇರೆ ಅಡಾಪ್ಟರ್ ಕೊಡಿ, ಅದು ತೆರೆಯೋವಾಗ ಎಳೆಯೋ ಕರೆಂಟ್ ಬೋರ್ಡನ್ನ ಅಲ್ಲಾಡಿಸಬಾರದು. ಅಡಾಪ್ಟರ್‌ನಿಂದ ಬೋರ್ಡ್‌ಗೆ ಹೋಗೋ ವೈರ್ ಗಿಡ್ಡ ಇರಲಿ, ದಪ್ಪ ಇರಲಿ. ಮತ್ತೆ, ಹಳೇ ಅಡಾಪ್ಟರನ್ನ ನೀವೇ ಬಿಚ್ಚೋಕೆ ಹೋಗಬೇಡಿ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್ ಶಾಕ್ ಹೊಡೆಯುತ್ತೆ.

ನಾನೀಗ ಅಡಾಪ್ಟರ್ ಮೇಲೆ ಹಾಕಿದ ತಾರೀಕು ಮಾರ್ಕರ್‌ನಲ್ಲಿ ಬರೆದಿಡ್ತೀನಿ. ಸಸಿಮಡಿ ಲೈನಿಗೆ ಕೈಯಲ್ಲಿ ತಿರುಗಿಸೋ ವಾಲ್ವ್ ಒಂದನ್ನ ಪಕ್ಕದಲ್ಲೇ ಕೂರಿಸಿದ್ದೀನಿ. ಊರು ಬಿಡೋವಾಗ ಅದನ್ನ ಅಮ್ಮನಿಗೆ ತೋರಿಸೇ ಹೋಗೋದು.