ಹೊಗೆಸೊಪ್ಪಿಗಿರುವ ಲೆಕ್ಕ ಹಿರಿಯರಿಗಿಲ್ಲ

ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೆಳೆಯುವವನು ಸರ್ಕಾರದ ಕಣ್ಣು ತಪ್ಪಿಸಿ ಬದುಕುವುದು ಕಷ್ಟ. 1975ರ ತಂಬಾಕು ಮಂಡಳಿ ಕಾಯ್ದೆಯ ಪ್ರಕಾರ ಬೆಳೆಗಾರ ಹೆಸರು ನೋಂದಾಯಿಸಬೇಕು. ಸೊಪ್ಪು ಹದ ಮಾಡುವ ಬ್ಯಾರನ್ನಿಗೆ ಲೈಸೆನ್ಸ್ ಬೇಕು. ಎಷ್ಟು ಬೆಳೆಯಬೇಕು ಎನ್ನುವುದನ್ನೂ ಮಂಡಳಿಯೇ ಗೊತ್ತುಮಾಡುತ್ತದೆ, ಮಾರುವುದು ಅದರ ಹರಾಜು ಮಾರುಕಟ್ಟೆಯಲ್ಲೇ. ಲೆಕ್ಕಕ್ಕಿಂತ ಹೆಚ್ಚು ಬೆಳೆದರೆ ದಂಡ ತೆರಬೇಕು.

ಅದೇ ಊರಿನಲ್ಲಿ ಯಾರೋ ಒಬ್ಬರು ನಾಲ್ಕು ಕೋಣೆಯ ಮನೆ ಬಾಡಿಗೆಗೆ ಹಿಡಿದು, ಗೇಟಿಗೆ ‘ವೃದ್ಧಾಶ್ರಮ’ ಎಂದು ಬೋರ್ಡು ತೂಗುಹಾಕಿ, ಎದ್ದು ಕೂರಲಾಗದ ಇಪ್ಪತ್ತು ಜನರನ್ನು ತಂದು ಮಲಗಿಸಿಕೊಂಡರು ಅನ್ನಿ. ಹಿರಿಯರಿಗೆಂದೇ ಸಂಸತ್ತು ಮಾಡಿದ 2007ರ ಪಾಲನೆ ಪೋಷಣೆ ಕಾಯ್ದೆಯನ್ನು ಮೊದಲಿಂದ ಕೊನೆಯವರೆಗೆ ಓದಿ. ಖಾಸಗಿ ವೃದ್ಧಾಶ್ರಮವನ್ನು ನೋಂದಾಯಿಸಲೇಬೇಕು ಎನ್ನುವ ಕಲಂ ಅದರಲ್ಲಿಲ್ಲ. ನೋಂದಾಯಿಸದೆ ನಡೆಸಿದವರಿಗೆ ಶಿಕ್ಷೆಯೂ ಇಲ್ಲ. ಎಲೆಯೊಂದನ್ನು ಒಣಗಿಸಲು ಇಷ್ಟೆಲ್ಲ ಕಾಗದ ಕೇಳುವ ದೇಶ, ಮನುಷ್ಯರನ್ನು ಮಲಗಿಸಲು ಏನೂ ಕೇಳುವುದಿಲ್ಲ.

ಈ ಮಾತಿಗೆ ಹುಣಸೂರನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಜೊತೆಗೆ ಈಚೆಗೆ ಇವುಗಳಿಂದ ಒಡೆದು ಬಂದ ಸರಗೂರು ಮತ್ತು ಸಾಲಿಗ್ರಾಮ, ಇಷ್ಟೂ ಸೇರಿ ಒಂದು ಕಂದಾಯ ಉಪವಿಭಾಗ. ಅದರ ಉಪವಿಭಾಗಾಧಿಕಾರಿ, ಅಂದರೆ ಜನ ಬಾಯಲ್ಲಿ ಹೇಳುವ ‘ಎ.ಸಿ. ಸಾಹೇಬರು’, ಹಿರಿಯರ ನ್ಯಾಯಮಂಡಳಿಯ ಅಧ್ಯಕ್ಷರೂ ಹೌದು. ಮಗ ಅನ್ನ ಹಾಕುತ್ತಿಲ್ಲ ಎಂದು ಅವ್ವ ಅರ್ಜಿ ಕೊಟ್ಟರೆ ವಿಚಾರಣೆ ಅವರ ಮುಂದೆ. ಅವರು ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು. ನೋಡಿಕೊಳ್ಳುತ್ತೇನೆಂಬ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ಕೈಬಿಟ್ಟ ಮಗನ ದಾನಪತ್ರವನ್ನು 23ನೇ ಕಲಮಿನಡಿ ರದ್ದು ಮಾಡಬಹುದು. ಈ ಸೀಮೆಯಲ್ಲಿ ಆ ಕಲಮಿಗೆ ವಿಶೇಷ ತೂಕವಿದೆ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸರು 1974ರಲ್ಲಿ ತಂದ ಭೂಸುಧಾರಣೆಯಿಂದ ಗೇಣಿದಾರನ ಹೆಸರು ಪಹಣಿಗೆ ಏರಿತು. ಆಗ ಮೂವತ್ತರ ಪ್ರಾಯದಲ್ಲಿದ್ದವರಿಗೆ ಈಗ ಎಂಬತ್ತು ದಾಟಿದೆ. ಡಿಕ್ಲರೇಷನ್ ಹಾಕಿ, ಒಡೆಯರ ಎದುರು ನಿಂತು ಗೆದ್ದುಕೊಂಡ ಎರಡೆಕರೆಯನ್ನು ಮಕ್ಕಳ ಹೆಸರಿಗೆ ಮಾಡಿ, ಈಗ ಇನ್ನೊಬ್ಬರ ಗೇಟಿನೊಳಗೆ ಕೂತಿರುವವರು ಅವರಲ್ಲೂ ಇದ್ದಾರೆ.

ಮಕ್ಕಳನ್ನು ಬಯ್ಯುವುದು ನಮಗೆ ಸಲೀಸು. 2025ರ ಮಾರ್ಚ್‌ನಲ್ಲಿ ವೈದ್ಯಕೀಯ ಶಿಕ್ಷಣ ಸಚಿವ ಶರಣಪ್ರಕಾಶ ಪಾಟೀಲರು, ಅಪ್ಪ ಅಮ್ಮನನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ ಬಿಟ್ಟುಹೋಗುವ ಮಕ್ಕಳ ಪಾಲಿಗೆ ಆಸ್ತಿ ಸಿಗದಂತೆ ಮಾಡಬೇಕು ಎಂದಾಗ ಹಲವರು ತಲೆದೂಗಿದರು. ನಾನೂ ತಲೆದೂಗಿದವನೇ. ಆದರೆ ಬಿಟ್ಟುಹೋದ ಮೇಲೆ ಆ ಅಜ್ಜಿ ಎಲ್ಲಿಗೆ ಹೋದರು? ಅಲ್ಲಿ ಅವರ ಮಗ್ಗುಲು ಬದಲಿಸುವವರು ಯಾರು? ಮಗನಿಗೆ ನೋಟಿಸು ಕೊಡುವ ಕಾನೂನು ಆಶ್ರಮದ ಮಾಲೀಕನ ಹತ್ತಿರ ಬಂದಾಗ ಕೈಮುಗಿದು ನಿಲ್ಲುತ್ತದೆ. ಅವನು ‘ಸೇವೆ’ ಮಾಡುತ್ತಿದ್ದಾನಲ್ಲ! 24ನೇ ಕಲಂ ನೋಡಿ: ಹಿರಿಯರ ಹೊಣೆ ಹೊತ್ತ ಯಾರೇ ಆಗಲಿ ಅವರನ್ನು ಪೂರ್ತಿ ತೊರೆಯುವ ಉದ್ದೇಶದಿಂದ ಎಲ್ಲಾದರೂ ಬಿಟ್ಟುಹೋದರೆ ಮೂರು ತಿಂಗಳವರೆಗೆ ಸಜೆ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಬಿಟ್ಟುಹೋದರೆ ಮಾತ್ರ ಅಪರಾಧ. ಬಿಡದೆ ಒಳಗೇ ಇಟ್ಟುಕೊಂಡು, ಮೂರು ದಿನ ಒದ್ದೆ ಬಟ್ಟೆಯಲ್ಲಿ ಮಲಗಿಸಿದರೆ ಈ ಕಲಂ ಅವನನ್ನು ಮುಟ್ಟುವುದಿಲ್ಲ.

ಹಾಗಾದರೆ ಬೇರೆ ಯಾವ ಕಾನೂನೂ ಇಲ್ಲವೇ? ಇತ್ತು, 1860ರಿಂದಲೂ. ಕಾಯಿಲೆಯಿಂದಲೋ ದೌರ್ಬಲ್ಯದಿಂದಲೋ ನಿಸ್ಸಹಾಯಕರಾದವರನ್ನು ನೋಡಿಕೊಳ್ಳುತ್ತೇನೆಂದು ಕರಾರು ಮಾಡಿಕೊಂಡು ಬೇಕೆಂದೇ ನೋಡಿಕೊಳ್ಳದವನಿಗೆ ಹಳೆಯ ದಂಡ ಸಂಹಿತೆಯ 491ನೇ ಕಲಮಿನಲ್ಲಿ 200 ರೂಪಾಯಿ ಜುಲ್ಮಾನೆ ಇತ್ತು. ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 357ನೇ ಕಲಮಾಗಿ 5,000ಕ್ಕೆ ಏರಿದೆ. ಮಾತು ಬರದ, ಗೇಟು ದಾಟಲಾರದ ಅಜ್ಜಿ ಮ್ಯಾಜಿಸ್ಟ್ರೇಟರ ಮುಂದೆ ಹೋಗಿ ಇದನ್ನು ಸಾಬೀತು ಮಾಡಬೇಕು ಎಂದು ನಿರೀಕ್ಷಿಸುವವರಿಗೆ ನಮಸ್ಕಾರ.

ಮಕ್ಕಳ ವಿಷಯದಲ್ಲಿ ದೇಶ ಇಷ್ಟು ಉದಾಸೀನವಾಗಿಲ್ಲ. ಬಾಲನ್ಯಾಯ ಕಾಯ್ದೆ 2015ರಂತೆ, ನೋಂದಾಯಿಸದೆ ಮಕ್ಕಳ ಪಾಲನಾ ಸಂಸ್ಥೆ ನಡೆಸಿದರೆ ಒಂದು ವರ್ಷದವರೆಗೆ ಜೈಲು ಅಥವಾ ಲಕ್ಷಕ್ಕೆ ಕಡಿಮೆಯಿಲ್ಲದ ದಂಡ. ಹಿರಿಯರ ಮನೆಗೂ ನೋಂದಣಿ, ಕನಿಷ್ಠ ಗುಣಮಟ್ಟ ಬೇಕು ಎನ್ನುವ ತಿದ್ದುಪಡಿ ಮಸೂದೆ 2019ರ ಡಿಸೆಂಬರಿನಲ್ಲಿ ಲೋಕಸಭೆಗೆ ಬಂತು. ಸ್ಥಾಯಿ ಸಮಿತಿಗೆ ಹೋಯಿತು, 2021ರಲ್ಲಿ ಸಮಿತಿ ವರದಿ ಕೊಟ್ಟಿತು, 2024ರಲ್ಲಿ ಲೋಕಸಭೆಯ ಅವಧಿ ಮುಗಿದಾಗ ಮಸೂದೆಯೂ ಸತ್ತಿತು. ಅದಕ್ಕೆ ತಿಥಿ ಮಾಡಿದವರನ್ನೂ ನಾನು ಕಾಣೆ.

ಇದರ ಫಲ ಏನೆಂದು ನೋಡಲು ತಮಿಳುನಾಡಿನವರೆಗೆ ಹೋಗಿ ಬೆಂಗಳೂರಿಗೇ ಮರಳಬೇಕಾಗುತ್ತದೆ. 2023ರ ಫೆಬ್ರುವರಿಯಲ್ಲಿ ವಿಳುಪ್ಪುರಂ ಜಿಲ್ಲೆಯ ಅನ್ಬು ಜ್ಯೋತಿ ಆಶ್ರಮಕ್ಕೆ ಅಧಿಕಾರಿಗಳು ನುಗ್ಗಿದಾಗ 140ಕ್ಕೂ ಹೆಚ್ಚು ಜನ ಒಳಗಿದ್ದರು. ಹಲ್ಲೆ, ಅತ್ಯಾಚಾರದ ಆರೋಪಗಳು ಹೊರಬಂದವು, ತನಿಖೆ ಸಿಬಿ-ಸಿಐಡಿಗೆ ಹೋಯಿತು. ಇದೆಲ್ಲ ಬಯಲಾದದ್ದು ಇನ್ಸ್‌ಪೆಕ್ಟರ್ ಒಬ್ಬರ ಜಾಣ್ಮೆಯಿಂದಲ್ಲ. ಅಲ್ಲಿ ಸೇರಿಸಿದ್ದ ಒಬ್ಬ ಹಿರಿಯರು ಕಾಣುತ್ತಿಲ್ಲ ಎಂದು ಅವರ ಕಡೆಯವರು ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಹಾಕಿದ್ದರಿಂದ. ‘ಜಾಗ ಸಾಲದೆ ಬೆಂಗಳೂರಿನ ಆಶ್ರಮಕ್ಕೆ ಕಳಿಸಿದ್ದೆವು’ ಎಂದರು ಅಲ್ಲಿಯವರು. ‘ಇಲ್ಲಿಂದ ತಪ್ಪಿಸಿಕೊಂಡು ಹೋಗಿದ್ದಾರೆ’ ಎಂದರು ಇಲ್ಲಿಯವರು. ಒಂದು ರಾಜ್ಯದಿಂದ ಇನ್ನೊಂದಕ್ಕೆ ಹಸು ಸಾಗಿಸಲು ಕಾಗದ ಕೇಳುವ ನಾವು, ಮರೆವಿನ ಕಾಯಿಲೆಯ ಮುದುಕರನ್ನು ವ್ಯಾನಿನಲ್ಲಿ ತುಂಬಿ ಗಡಿ ದಾಟಿಸಿದರೂ ಕೇಳಲಿಲ್ಲ.

ಇನ್ನೂ ಹಿಂದಿನದು, 2001ರ ಆಗಸ್ಟ್ 6ರದು, ತಮಿಳುನಾಡಿನದೇ ಏರ್ವಾಡಿ. ಮನೋರೋಗಿಗಳ ಖಾಸಗಿ ಆಶ್ರಮಕ್ಕೆ ಬೆಳಗಿನ ಜಾವ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿಹಾಕಿದ್ದವರು ಓಡಲಾಗಲಿಲ್ಲ, 28 ಜನ ಸತ್ತರು. ಆಮೇಲೆ ದೇಶ ಎಚ್ಚೆತ್ತಿತು. 2017ರ ಮಾನಸಿಕ ಆರೋಗ್ಯ ಕಾಯ್ದೆ ಸರಪಳಿಯನ್ನು ನಿಷೇಧಿಸಿ, ಇಂಥ ಸಂಸ್ಥೆಗಳಿಗೆ ನೋಂದಣಿ ಕಡ್ಡಾಯ ಮಾಡಿತು.

ಖಾಸಗಿಯವರನ್ನೇ ದೂರುತ್ತಿದ್ದೇನೆ ಎಂದುಕೊಳ್ಳಬೇಡಿ. 2010ರ ಆಗಸ್ಟ್‌ನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ, ‘ಬೆಗ್ಗರ್ಸ್ ಕಾಲೊನಿ’ ಎಂದೇ ಎಲ್ಲರಿಗೂ ಗೊತ್ತಿರುವ ಸರ್ಕಾರಿ ಜಾಗದಲ್ಲಿ, ಕೆಲವೇ ದಿನಗಳ ಅಂತರದಲ್ಲಿ ಸಾಲುಸಾಲು ಹೆಣ ಬಿದ್ದವು. ಪತ್ರಿಕೆಗಳು ಎಣಿಸತೊಡಗಿದ ಮೇಲೆ ವಿಧಾನಸೌಧಕ್ಕೆ ಕೇಳಿಸಿತು. ಆದ್ದರಿಂದ ‘ಎಲ್ಲವನ್ನೂ ಸರ್ಕಾರವೇ ನಡೆಸಲಿ’ ಎನ್ನುವವರ ಜೊತೆ ನಾನಿಲ್ಲ. ನಡೆಸುವವರು ಯಾರಾದರೇನು, ಒಳಗೆ ಹೋಗಿ ನೋಡುವ ಬೇರೊಬ್ಬರು ಇರಬೇಕು.

ಈ ಮಾತಿಗೆ ಎರಡು ತಕರಾರು ಬರುತ್ತವೆ. ಸೇವೆ ಮಾಡುವವರ ಕಾಲಿಗೆ ಹಗ್ಗ ಕಟ್ಟಬೇಡಿ ಎನ್ನುವುದು ಒಂದು. ನಿಜವಾಗಿ ಸೇವೆ ಮಾಡುವವರು ನಮ್ಮ ಸೀಮೆಯಲ್ಲಿ ಇಲ್ಲದಿಲ್ಲ. ಸರಗೂರಿನಲ್ಲಿ ವಿವೇಕಾನಂದ ಯೂತ್ ಮೂವ್‌ಮೆಂಟಿನ ಆಸ್ಪತ್ರೆ ಕಾಡಂಚಿನ ಹಾಡಿಗಳ ಜನರಿಗೆ ದಶಕಗಳಿಂದ ಆಸರೆಯಾಗಿದೆ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ದೇಶ ಬಿಟ್ಟು ಬಂದ ಟಿಬೆಟನ್ನರು ತಮ್ಮ ವೃದ್ಧರಿಗಾಗಿ ತಾವೇ ಮನೆ ಮಾಡಿಕೊಂಡಿದ್ದಾರೆ. ಚೆನ್ನಾಗಿ ನೋಡಿಕೊಳ್ಳುವವರಿಗೆ ಪುಸ್ತಕ ತೆಗೆದು ತೋರಿಸುವುದು ಎಷ್ಟು ಹೊತ್ತಿನ ಕೆಲಸ?

ಎರಡನೆಯ ತಕರಾರು ಗಟ್ಟಿಯಾದದ್ದು. ಲೈಸೆನ್ಸ್ ಎಂದರೆ ಇನ್ಸ್‌ಪೆಕ್ಟರು, ಇನ್ಸ್‌ಪೆಕ್ಟರು ಎಂದರೆ ಲಕೋಟೆ ಎಂಬುದು. ಒಪ್ಪಿದೆ. ಅದಕ್ಕೇ ತಪಾಸಣೆ ಎಂದರೆ ಏನು ನೋಡಬೇಕು ಎನ್ನುವುದನ್ನು ಮೊದಲು ಗೊತ್ತುಮಾಡಬೇಕು. ನಮ್ಮ ತಪಾಸಣೆಗಳು ಗೋಡೆ ನೋಡುತ್ತವೆ. ಕೇಂದ್ರದ ಮಾದರಿ ನಿಯಮಗಳಲ್ಲಿ ಒಬ್ಬರಿಗೆ ಮಲಗುವ ಜಾಗ 7.5 ಚದರ ಮೀಟರ್ ಇರಬೇಕೆಂದಿದೆ. ಟೇಪು ಹಿಡಿದು ಅಳೆಯಬಹುದು, ಲಕೋಟೆ ಕೊಟ್ಟರೆ ಟೇಪು ಉದ್ದವಾಗಲೂಬಹುದು. ಬೆನ್ನಿನ ಹುಣ್ಣು ಹಾಗಲ್ಲ. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸದಿದ್ದರೆ ಸೊಂಟದ ಕೆಳಗೆ ಮೊದಲು ಕೆಂಪಾಗುತ್ತದೆ, ಆಮೇಲೆ ಚರ್ಮ ಒಡೆಯುತ್ತದೆ, ಕೊನೆಗೆ ಮೂಳೆ ಕಾಣುತ್ತದೆ. ಅದನ್ನು ಮುಚ್ಚಿಡಲು ಒಳ್ಳೆಯ ಬೆಡ್‌ಶೀಟ್ ಬೇಕು, ಅಷ್ಟೆ. ಒಬ್ಬ ನರ್ಸಮ್ಮ ಬೆಡ್‌ಶೀಟ್ ಎತ್ತಿ, ಎಷ್ಟು ಜನರ ಬೆನ್ನಲ್ಲಿ ಹುಣ್ಣಿದೆ, ತೂಕ ಹೋದ ಸಲಕ್ಕಿಂತ ಎಷ್ಟು ಇಳಿದಿದೆ, ರಾತ್ರಿ ಪಾಳಿಯಲ್ಲಿ ಎಷ್ಟು ಆಯಾಗಳು ಎಂದು ಬರೆದುಕೊಂಡರೆ ಸಾಕು. ಅದನ್ನು ಗೇಟಿನ ಮೇಲೆ ಅಂಟಿಸಿದರೆ ಇನ್ನೂ ಒಳ್ಳೆಯದು. ಇಂಗ್ಲೆಂಡಿನಲ್ಲಿ ಕೇರ್ ಕ್ವಾಲಿಟಿ ಕಮಿಷನ್ ಕೊಟ್ಟ ದರ್ಜೆಯನ್ನು ಪ್ರತಿ ಕೇರ್ ಹೋಮ್ ಎಲ್ಲರಿಗೂ ಕಾಣುವಂತೆ ಹಾಕಲೇಬೇಕು, ‘ಕಳಪೆ’ ಎಂದು ಬಂದಿದ್ದರೂ.

ರಾತ್ರಿ ಎಂದೆ. ಆಶ್ರಮಗಳನ್ನು ನಾವು ನೋಡುವುದೆಲ್ಲ ಮಧ್ಯಾಹ್ನದಲ್ಲಿ. ಮಗುವಿನ ಹುಟ್ಟುಹಬ್ಬ, ಅಪ್ಪನ ವರ್ಷದ ತಿಥಿ, ಮದುವೆಯ ವಾರ್ಷಿಕೋತ್ಸವ ಎಂದು ಡಬರಿ ತುಂಬ ಪಾಯಸ, ಒಬ್ಬಟ್ಟು ಹೊತ್ತು ಹನ್ನೆರಡೂವರೆಗೆ ಹೋಗುತ್ತೇವೆ. ಅಷ್ಟು ಹೊತ್ತಿಗೆ ಎಲ್ಲರಿಗೂ ಸ್ನಾನವಾಗಿರುತ್ತದೆ, ತಲೆ ಬಾಚಿರುತ್ತದೆ, ಸಾಲಾಗಿ ಕೂರಿಸಿರುತ್ತಾರೆ. ಬಡಿಸುತ್ತೇವೆ, ಫೋಟೊ ತೆಗೆಯುತ್ತೇವೆ, ಸಕ್ಕರೆ ಕಾಯಿಲೆಯವರ ಎಲೆಗೂ ಎರಡು ಸೌಟು ಪಾಯಸ ಸುರಿದು ಪುಣ್ಯ ಕಟ್ಟಿಕೊಂಡು ಮರಳುತ್ತೇವೆ. ರಾತ್ರಿ ಹತ್ತಕ್ಕೆ ಹೋಗಿ ಎಷ್ಟು ಹಾಸಿಗೆ ಒದ್ದೆಯಾಗಿವೆ ಎಂದು ನೋಡಿದವರು ನಮ್ಮಲ್ಲಿ ಇದ್ದಾರೆಯೇ?

ಹಾಗೆಂದು ಟಿ.ವಿ. ಕ್ಯಾಮೆರಾ ಕರೆದುಕೊಂಡು ದಾಳಿ ಮಾಡಿ, ಗೇಟಿಗೆ ಬೀಗ ಜಡಿದು ಸೀಲು ಒತ್ತುವ ಶೌರ್ಯ ನನಗೆ ಬೇಡ. ಬೀಗ ಬಿದ್ದ ಸಂಜೆ ಆ ಇಪ್ಪತ್ತು ಜನ ಎಲ್ಲಿಗೆ ಹೋಗಬೇಕು? ಬಿಟ್ಟುಹೋದ ಮಗನ ಮನೆಗೋ, ಕೆ.ಆರ್. ಆಸ್ಪತ್ರೆಯ ವರಾಂಡಕ್ಕೋ? 2007ರ ಕಾಯ್ದೆಯ 19ನೇ ಕಲಂ ಪ್ರತಿ ಜಿಲ್ಲೆಯಲ್ಲಿ ಕಡಿಮೆಯೆಂದರೆ 150 ಬಡ ಹಿರಿಯರಿಗೆ ಜಾಗವಿರುವ ಮನೆಯ ಮಾತು ಹೇಳುತ್ತದೆ. ಆದರೆ ಸರ್ಕಾರ ಸ್ಥಾಪಿಸ‘ಬಹುದು’ ಎನ್ನುತ್ತದೆ. ಆ ‘ಬಹುದು’ ಎಂಬ ಮೂರಕ್ಷರದ ಮೇಲೆ ಸರ್ಕಾರಗಳು ಕಾಲು ಚಾಚಿ ಮಲಗಿವೆ. ಬೀಗ ಹಾಕುವ ಅಧಿಕಾರಕ್ಕೆ ಮೊದಲು ಬೇಕಾದದ್ದು ತೆರೆದ ಇನ್ನೊಂದು ಬಾಗಿಲು.

ಹೊಸ ಕಾಯ್ದೆ ಬರುವತನಕ ಕಾಯಬೇಕಿಲ್ಲ. ಪ್ರತಿ ಪಂಚಾಯಿತಿಯ ಪಿಡಿಒ, ನಗರಸಭೆ ಪುರಸಭೆಗಳ ಮುಖ್ಯಸ್ಥರು ತಮ್ಮ ಎಲ್ಲೆಯೊಳಗಿನ ಇಂಥ ಮನೆಗಳನ್ನು ಬರೆದು ಕಳಿಸಲಿ ಎಂದು ಎ.ಸಿ. ಸಾಹೇಬರು ನಾಳೆಯೇ ಸುತ್ತೋಲೆ ಹೊರಡಿಸಬಹುದು. ಜಿಲ್ಲೆವಾರು ವೃದ್ಧಾಶ್ರಮಗಳ ಲೆಕ್ಕವನ್ನು ರಾಜ್ಯಗಳಿಂದ ತರಿಸಿಕೊಳ್ಳಿ ಎಂದು ಸುಪ್ರೀಂ ಕೋರ್ಟ್ 2018ರ ಡಿಸೆಂಬರಿನಲ್ಲೇ ಕೇಂದ್ರಕ್ಕೆ ಹೇಳಿದೆ. ಬುದ್ಧಿ, ನೆನಪು ಕಳೆದುಕೊಂಡವರನ್ನು ಇಟ್ಟುಕೊಂಡ ಮನೆಗಳಿಗೆ ಮಾನಸಿಕ ಆರೋಗ್ಯ ಕಾಯ್ದೆ ಅನ್ವಯಿಸಬೇಕು ಎನ್ನುವುದು ನನ್ನ ವಾದ. ಅದರ ವ್ಯಾಖ್ಯೆಯಲ್ಲೇ ನೆನಪಿನ ತೊಂದರೆಯೂ ಇದೆ, ನೋಂದಾಯಿಸದಿದ್ದರೆ ದಂಡ 5,000ದಿಂದ ಶುರುವಾಗಿ, ತಪ್ಪು ಮರುಕಳಿಸಿದರೆ 5 ಲಕ್ಷದವರೆಗೆ ಏರುತ್ತದೆ. ಹಣ ಪಡೆದು ನೋಡಿಕೊಳ್ಳುವವರನ್ನು ಗ್ರಾಹಕರ ಆಯೋಗಕ್ಕೂ ಎಳೆಯಬಹುದು. ತಾಲ್ಲೂಕು ಕಾನೂನು ಸೇವಾ ಸಮಿತಿಯ ಸ್ವಯಂಸೇವಕರು ತಿಂಗಳಿಗೊಮ್ಮೆ ಹೋಗಿ ಕೂತು ಮಾತಾಡಿಸಬಹುದು. 14567 ಎಂಬ ಸಹಾಯವಾಣಿ ಇದೆ, ಆದರೆ ಫೋನು ಮ್ಯಾನೇಜರನ ಜೇಬಿನಲ್ಲಿರುತ್ತದೆ.

ಕೊನೆಗೆ ನನ್ನ ಮನೆಯದೇ ಒಂದು ಸಂಗತಿ. ನನ್ನ ಸೋದರತ್ತೆಯನ್ನು ನಾವೂ ಇಂಥದೊಂದು ಆಶ್ರಮದಲ್ಲಿ ಬಿಟ್ಟಿದ್ದೆವು. ಊರು, ಹೆಸರು ಬೇಡ. ಹೋದಾಗಲೆಲ್ಲ ‘ಊಟ ಆಯ್ತಾ ಅತ್ತೆ?’ ಎಂದು ಕೇಳುತ್ತಿದ್ದೆ. ‘ಆಯ್ತು ಕಣಪ್ಪ’ ಎನ್ನುವ ಮೊದಲು ಅವರು ಬಾಗಿಲಲ್ಲಿ ನಿಂತ ಆಯಾಳ ಕಡೆ ಒಮ್ಮೆ ನೋಡುತ್ತಿದ್ದರು. ಸತ್ತ ದಿನ ಹೆಣ ಮನೆಗೆ ತಂದು ಮೈ ತೊಳೆಸುವಾಗ ಹೆಂಗಸರು ಒಳಗಿಂದ ನನ್ನನ್ನು ಕೂಗಿದರು. ಸೊಂಟದ ಮೇಲಿನ ಹುಣ್ಣಿನಲ್ಲಿ ನನ್ನ ಮುಷ್ಟಿ ಹಿಡಿಸುವಂತಿತ್ತು. ದೂರು ಕೊಡೋಣ ಎಂದೆ. ಯಾರಿಗೆ ಎಂದರು. ಹನ್ನೊಂದನೆಯ ದಿನ ಅದೇ ಆಶ್ರಮಕ್ಕೆ ಅತ್ತೆಯ ಹೆಸರಿನಲ್ಲಿ ಒಂದು ಹೊತ್ತಿನ ಊಟ ಕೊಟ್ಟು ರಸೀದಿ ತಂದೆವು. ಅದರ ಮೇಲೆ ದಪ್ಪಕ್ಷರದಲ್ಲಿ ‘ನೋಂದಾಯಿತ ಸಂಸ್ಥೆ’ ಎಂದಿತ್ತು, ಕೆಳಗೆ ಸಂಖ್ಯೆಯೂ ಇತ್ತು. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಟ್ರಸ್ಟು ಮಾಡಿಸಿದ ಪತ್ರದ ಸಂಖ್ಯೆ ಅದು.