ಮೇಲ್ದರ್ಜೀಕರಣಕ್ಕೆ ಮುನ್ನ ವರ್ತಕರನ್ನು ಕೇಳಬೇಕು

ಶೇಂಗಾ ತರುವ ರೈತ, ಇಳಿಸಿಕೊಳ್ಳುವ ದಲ್ಲಾಳಿ, ಕೊಳ್ಳುವ ಎಣ್ಣೆ ಗಿರಣಿಯವರು, ಕೃಷಿ ಮಾರುಕಟ್ಟೆ ಸಮಿತಿಯ ಸಿಬ್ಬಂದಿ ಇವರೆಲ್ಲರೂ ಒಂದೇ ಗಣಕ ವೇದಿಕೆಯಲ್ಲಿ ವ್ಯವಹರಿಸಬೇಕೆಂಬ ಉದ್ದೇಶದಿಂದ ರಾಜ್ಯದಲ್ಲಿ 2014ರ ಫೆಬ್ರವರಿಯಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆಗೆ ಚಾಲನೆ ದೊರೆಯಿತು. 2016ರ ಏಪ್ರಿಲ್‌ನಲ್ಲಿ ಆರಂಭವಾದ ಕೇಂದ್ರದ ಇ-ನಾಮ್ ವ್ಯವಸ್ಥೆಗೂ ಈ ಪ್ರಯೋಗವೇ ಮಾದರಿಯಾಯಿತು. ಟೆಂಡರ್ ಚೀಟಿಯ ಬದಲಿಗೆ ಲಾಟು ಸಂಖ್ಯೆಯೆದುರು ಗಣಕದಲ್ಲಿ ದರ ನಮೂದಿಸುವುದರಿಂದ ಧಾರಣೆಗೆ ಅನುಕೂಲವಾಗಿದೆ, ಅಮೆರಿಕದ ಎಂ.ಐ.ಟಿ. ಸಂಶೋಧಕರ ಅಧ್ಯಯನವು ಶೇಂಗಾ ಬೆಲೆಯಲ್ಲಿ ಶೇ. 3.6ರಷ್ಟು ಏರಿಕೆಯನ್ನು ಗುರುತಿಸಿತು. ಆದುದರಿಂದ ಗಣಕೀಕರಣವೇ ಬೇಡವೆಂಬ ವಾದ ನನ್ನದಲ್ಲ.

ಆದರೆ ಇಂತಹ ವ್ಯವಸ್ಥೆಗಳನ್ನು ಮೇಲ್ದರ್ಜೆಗೇರಿಸುವ ಕ್ರಮದ ಬಗ್ಗೆ ನನಗೆ ತಕರಾರಿದೆ. ತಂತ್ರಾಂಶ ಬರೆಯುವವರು ಮತ್ತು ಇಲಾಖೆಯವರು ದಿನಾಂಕ ನಿಗದಿಪಡಿಸುತ್ತಾರೆ. ವರ್ತಕನಿಗೆ ವಿಷಯ ತಿಳಿಯುವುದು ಹಳೆಯ ಪರದೆ ಮಾಯವಾದ ಬೆಳಿಗ್ಗೆ!

ಇ-ವೇ ಬಿಲ್ಲಿನ ಪ್ರಸಂಗವನ್ನು ವರ್ತಕ ಬಾಂಧವರು ಮರೆತಿರಲಾರರು. ರಾಷ್ಟ್ರದಾದ್ಯಂತ 2018ರ ಫೆಬ್ರವರಿ 1ರಂದು ಜಾರಿಯಾದ ವ್ಯವಸ್ಥೆ ಹೊರೆ ತಾಳಲಾರದೆ ಅಂದೇ ಕುಸಿಯಿತು, ಜಾರಿಯನ್ನು ಮುಂದೂಡಬೇಕಾಯಿತು. ಕರ್ನಾಟಕದಲ್ಲಿಯಾದರೋ 2017ರ ಸೆಪ್ಟೆಂಬರ್‌ನಿಂದಲೇ ಪ್ರಾಯೋಗಿಕ ಬಳಕೆ ನಡೆದಿತ್ತು. ವ್ಯಾಟ್ ಕಾಲದ ಇ-ಸುಗಮದ ರೂಢಿಯೂ ನಮ್ಮವರಿಗಿತ್ತು. ಅದರಿಂದಲೇ 2018ರ ಏಪ್ರಿಲ್ 1ರಂದು ರಾಜ್ಯದೊಳಗಿನ ಸಾಗಾಣಿಕೆಗೂ ಇದನ್ನು ಅನ್ವಯಿಸಿದ ಮೊದಲ ರಾಜ್ಯ ನಮ್ಮದಾಯಿತು. ಇದು ತಂತ್ರಜ್ಞಾನದ ಅಂತರವಲ್ಲ, ಪೂರ್ವಸಿದ್ಧತೆಯ ಅಂತರ. ಇಷ್ಟಾದರೂ 2021ರ ಜೂನ್ 7ರಂದು ಆದಾಯ ತೆರಿಗೆಯ ಹೊಸ ಜಾಲತಾಣ ತೆರೆದಾಗ, ಹಳೆಯದನ್ನು ಕೆಲವು ದಿನ ಮೊದಲೇ ಮುಚ್ಚಲಾಗಿತ್ತು. ದೋಷಗಳು ತಿಂಗಳುಗಟ್ಟಲೆ ಮುಂದುವರಿದು, ಆಗಸ್ಟ್‌ನಲ್ಲಿ ಹಣಕಾಸು ಸಚಿವಾಲಯವು ಇನ್ಫೋಸಿಸ್ ಮುಖ್ಯಸ್ಥರನ್ನೇ ಕರೆಸಿಕೊಳ್ಳಬೇಕಾಯಿತು.

ದೊಡ್ಡ ಕಂಪನಿಗೆ ಇಂತಹ ದಿನಗಳಲ್ಲಿ ಪ್ರತ್ಯೇಕ ಸಿಬ್ಬಂದಿ ಇರುತ್ತಾರೆ. ನಾಯಕನಹಟ್ಟಿಯ ಸಣ್ಣ ವ್ಯಾಪಾರಿಗೆ ಒಬ್ಬ ಗುಮಾಸ್ತನಿದ್ದರೆ ಹೆಚ್ಚು. ಒಂದು ದಿನ ಬಿಲ್ಲು ಹೊರಡದಿದ್ದರೆ ಲಾರಿ ನಿಲ್ಲುತ್ತದೆ, ಹಮಾಲಿ ಕೂಲಿ ಏರುತ್ತದೆ, ಸಾಲದ ಬಡ್ಡಿ ಮಾತ್ರ ನಿಲ್ಲುವುದಿಲ್ಲ. ಈ ನಷ್ಟ ಯಾವ ಯೋಜನಾ ವರದಿಯಲ್ಲಿಯೂ ನಮೂದಾಗುವುದಿಲ್ಲ.

ಆದಕಾರಣ ವಾಣಿಜ್ಯ ಸಂಸ್ಥೆಗಳು ಮೇಲ್ದರ್ಜೀಕರಣಕ್ಕೆ ಮೊದಲೇ ಲಿಖಿತವಾಗಿ ಕೇಳಬೇಕಾದ ಮಾತುಗಳಿವೆ. ಹಳೆಯ ಮತ್ತು ಹೊಸ ವ್ಯವಸ್ಥೆಗಳು ಕನಿಷ್ಠ ಒಂದು ತಿಂಗಳು ಜೊತೆಯಾಗಿ ನಡೆಯಲಿ. ಪರೀಕ್ಷೆಯು ಬೆಂಗಳೂರಿನ ಕಚೇರಿಯಲ್ಲಿ ಮಾತ್ರವಲ್ಲ, ಅಂತರಜಾಲ ತಡೆತಡೆದು ಬರುವ ಊರಿನ ಅಂಗಡಿಯಲ್ಲಿಯೂ ಆಗಲಿ. ಶೇಂಗಾ ಆವಕದ ಅಕ್ಟೋಬರ್-ಡಿಸೆಂಬರ್ ತಿಂಗಳುಗಳನ್ನು ಬಿಡಲಿ. ಮಾರ್ಚ್ ಅಂತೂ ಕೂಡದು; ಲೆಕ್ಕಪತ್ರದ ವರ್ಷಾಂತ್ಯವೂ ತಿಪ್ಪೇರುದ್ರಸ್ವಾಮಿ ಜಾತ್ರೆಯ ಫಾಲ್ಗುಣವೂ ನಮ್ಮಲ್ಲಿ ಒಟ್ಟಿಗೇ ಬರುತ್ತವೆ. ಗಣಕ ನಿಂತ ದಿನ ಕೈಬರಹದ ಚೀಟಿಗೆ ಮಾನ್ಯತೆ ಉಂಟೇ, ಎಷ್ಟು ಹೊತ್ತಿನವರೆಗೆ ಎಂಬುದನ್ನೂ ಸುತ್ತೋಲೆಯಲ್ಲಿಯೇ ಸ್ಪಷ್ಟಪಡಿಸಲಿ.

ನಮ್ಮ ಪಾಲಿನ ಕೆಲಸವೂ ಉಂಟು. ಗುಪ್ತಪದವು ಗುಮಾಸ್ತನ ನೆನಪಿನಲ್ಲಿ, ಡಿಜಿಟಲ್ ಸಹಿಯ ಸಾಧನವು ಲೆಕ್ಕಪರಿಶೋಧಕರ ಮೇಜಿನ ಖಾನೆಯಲ್ಲಿ, ನೋಂದಾಯಿತ ಮೊಬೈಲ್ ಸಂಖ್ಯೆ ಎಂದೋ ಕೆಲಸ ಬಿಟ್ಟುಹೋದವನ ಹೆಸರಿನಲ್ಲಿ: ಈ ಸ್ಥಿತಿಯಲ್ಲಿರುವ ಕಕ್ಷಿದಾರರನ್ನು ನಾನು ಪ್ರತಿ ವರ್ಷವೂ ಕಾಣುತ್ತೇನೆ. ಹೊಸ ವ್ಯವಸ್ಥೆ ಮೊದಲ ದಿನ ಕೇಳುವುದು ಆ ಸಂಖ್ಯೆಗೆ ಬರುವ ಓ.ಟಿ.ಪಿ.ಯನ್ನೇ. ಮಾಲೀಕರು ಈ ತಿಂಗಳೇ ಒಮ್ಮೆ ಸ್ವತಃ ಲಾಗಿನ್ ಆಗಿ, ಸಂಖ್ಯೆಯನ್ನು ಸರಿಪಡಿಸಿ, ಹಿಂದಿನ ವರ್ಷಗಳ ಬಿಲ್ಲು ಮತ್ತು ರಿಟರ್ನ್‌ಗಳ ಪ್ರತಿಯನ್ನು ತಮ್ಮಲ್ಲಿಯೇ ಇಳಿಸಿಕೊಂಡು ಇಟ್ಟುಕೊಳ್ಳತಕ್ಕದ್ದು.